ದೊರೆಯ ಎದೆ ಸುತ್ತಳತೆ

ಅಕ್ಟೋಬರ್ 4

ತಮ್ಮಾ,

ನೀನು ಹಡಗು ಹತ್ತಿ ಆರು ದಿನವಾಯಿತು. ಕಾಗದದ ತಲೆಯಲ್ಲಿ 'ನಾನು ಕ್ಷೇಮ' ಎಂದು ಬರೆಯಬೇಕು, ಗೊತ್ತು. ಬಟ್ಟೆ ಕತ್ತರಿಸುವ ಮೇಜಿನ ಪಕ್ಕದಲ್ಲೇ ಮೊಸಳೆ ಮರಿಯನ್ನು ಇಟ್ಟುಕೊಂಡವಳು ಯಾವ ಬಾಯಲ್ಲಿ ಹಾಗೆ ಬರೆಯಲಿ?

"ಮೊಸಳೆ ಅಲ್ಲ ಅಕ್ಕ, ಟೆಗು. ಹಲ್ಲಿ ಜಾತಿ. ಪಳಗಿದ್ರೆ ನಾಯಿ ಹಾಗೆ ಮಡಿಲಲ್ಲಿ ಮಲಗುತ್ತೆ" ಅಂದೆಯಲ್ಲ. ಗೋಡೆಯ ಮೇಲೆ ಬೆರಳುದ್ದದ ಹಲ್ಲಿ ಕಂಡರೆ ಹೊಲಿಗೆ ಅರ್ಧಕ್ಕೆ ಬಿಟ್ಟು ಏಳುವವಳು ನಾನು. ಅದು ಗೊತ್ತಿದ್ದೂ ನೀನು ತಂದುಬಿಟ್ಟೆ. ತಂದು ಮೂರು ವಾರಕ್ಕೆ ಹಡಗಿನಲ್ಲಿ ಕೆಲಸ ಸಿಕ್ಕಿತು. ಆರು ತಿಂಗಳು ಫೋನಿಲ್ಲ, ಹದಿನೈದು ದಿನಕ್ಕೊಮ್ಮೆ ಸಾಮಾನು ಒಯ್ಯುವ ದೋಣಿಯಲ್ಲಿ ಕಾಗದ ಮಾತ್ರ. ನಿನಗೇನು, ಕೈ ಬೀಸಿ ಹೋದೆ.

ಪೆಟ್ಟಿಗೆಯ ಗಾಜಿಗೆ ನೀನು ಅಂಟಿಸಿದ ಸೂಚನೆಯನ್ನು ಓದಿದೆ. ಬೆಳಿಗ್ಗೆ ಬಿಸಿ ದೀಪ ಹಾಕಬೇಕು, ನೀರು ಬದಲಿಸಬೇಕು, ದಿನಕ್ಕೊಂದು ಸಲ ಮೊಟ್ಟೆಯೋ ಮೀನಿನ ಚೂರೋ ಹುಳುವೋ, ಮೇಲೆ ಚಿಟಿಕೆ ಕ್ಯಾಲ್ಸಿಯಂ ಪುಡಿ. ನಾನು ಉದ್ದನೆಯ ಇಕ್ಕಳದಲ್ಲಿ ಮೀನಿನ ಚೂರು ಹಿಡಿದು, ಮುಖ ಆಚೆ ತಿರುಗಿಸಿ, ಕೈ ಒಳಗೆ ಬಿಡುತ್ತೇನೆ. ಅದು ಬುಸ್ ಅನ್ನುತ್ತದೆ. ನಾನು ಅಯ್ಯೋ ಅನ್ನುತ್ತೇನೆ. ಚೂರು ಮಣ್ಣಿಗೆ ಬೀಳುತ್ತದೆ. ಅದು ನೀನು ಪೆಟ್ಟಿಗೆಯೊಳಗೆ ಹಾಸಿಟ್ಟ ಹಳೇ ಅಂಗಿಯ ಅಡಿಗೆ ಓಡುತ್ತದೆ, ನಾನು ಮಿಷನ್ನಿನ ಹಿಂದಕ್ಕೆ. ಊಟ ಮಾಡಿಸಿ ಮುಗಿಸುವಷ್ಟರಲ್ಲಿ ಇಬ್ಬರಿಗೂ ಸುಸ್ತು. ನಾನು ಹೋದ ಮೇಲೆ ತಿನ್ನುತ್ತದೆ, ಬಂದು ನೋಡಿದರೆ ಚೂರು ಇರುವುದಿಲ್ಲ. ಹೀಗೆ ಗತ್ತಿನಲ್ಲಿ ಊಟ ಮಾಡುವ ಪ್ರಾಣಿಗೆ ದೊರೆ ಎಂದು ಹೆಸರಿಟ್ಟಿದ್ದೇನೆ.

ಒಂದು ಮಾತು ಹೇಳಿಬಿಡುತ್ತೇನೆ. ಬೇಕರಿ, ಮುದ್ರಣಾಲಯ, ಲಿಫ್ಟ್ ರಿಪೇರಿ, ಅದಾದ ಮೇಲೆ ಆ ಪಂಪಿನ ಕಾರ್ಖಾನೆ. ನಾಲ್ಕು ಕೆಲಸ ನೀನು ಅರ್ಧಕ್ಕೆ ಬಿಟ್ಟು ಬಂದೆ. ಐದನೆಯದನ್ನಾದರೂ ಪೂರ್ತಿ ಮಾಡು. ನಿನಗೆ ಮೂವತ್ತೊಂದು ವರ್ಷವಾಯಿತು ಕಣೋ. ನೀನು ಅಲ್ಲಿ ನಿಲ್ಲುತ್ತೀಯ ಅಂತಲೇ ನಾನು ಇಲ್ಲಿ ಹಲ್ಲಿಗೆ ತುತ್ತು ಕೊಡುತ್ತಿರುವುದು.

ಶಾಲೆಯ ನಲವತ್ತು ಸಮವಸ್ತ್ರದ ಕೆಲಸ ಬಂದಿದೆ. ನೀನು ಮೇಜಿನ ಮೇಲೆ ಬಿಟ್ಟಿದ್ದ ಕಂದು ಕಾಗದ ಒಳ್ಳೆ ದಪ್ಪಗಿತ್ತು, ಅದನ್ನೇ ಕತ್ತರಿಸಿ ಮಾಡಿದ ತೋಳಿನ ಅಚ್ಚು ಚೆನ್ನಾಗಿ ಬಂತು.

ಅಕ್ಕ

*

ಅಕ್ಟೋಬರ್ 18

ಅಕ್ಕಾ,

ದೊರೆ! ನಾನು ಒಂದು ತಿಂಗಳು ತಲೆ ಕೆರೆದುಕೊಂಡರೂ ಸಿಗದ ಹೆಸರು ನಿನಗೆ ಆರು ದಿನಕ್ಕೆ ಸಿಕ್ಕಿತು.

ನಮ್ಮ ಹಡಗಿನ ಕೆಲಸ ಸಮುದ್ರದ ಆಳ ಅಳೆಯುವುದು. ನೀನು ಊರವರ ಸೊಂಟ ಅಳೆಯುತ್ತೀಯ, ನಾವು ಸಮುದ್ರವನ್ನು. ನಾನಿರುವುದು ಕೆಳಗೆ, ಇಂಜಿನ್ ಕೋಣೆಯಲ್ಲಿ. ಎಣ್ಣೆ ಬಿಡುವುದು, ಒರೆಸುವುದು, ಮುಖ್ಯ ಮೆಕ್ಯಾನಿಕ್ಕರು ಕೇಳಿದ ಸ್ಪ್ಯಾನರ್ ಕೊಡುವುದು. ಕೆಲಸ ಚೆನ್ನಾಗಿದೆ. ಅಡುಗೆಯವನ ಕೈ ಇನ್ನೂ ಚೆನ್ನಾಗಿದೆ. ಮೂರು ಹೊತ್ತೂ ಹೊಟ್ಟೆ ಬಿರಿಯುವ ಹಾಗೆ ತಿನ್ನುತ್ತಿದ್ದೇನೆ, ಯೋಚನೆ ಮಾಡಬೇಡ. ಒಂದು ಬೆಲ್ಟ್ ಕಳಿಸು. ಚಿಕ್ಕ ಅಳತೆಯದು ಸಾಕು.

ದೊರೆಯ ವಿಷಯ. ಮೇಲಿನಿಂದ ಕೈ ಹಾಕಬೇಡ. ಮೇಲಿನಿಂದ ಬರುವುದೆಲ್ಲ ಅದರ ಲೆಕ್ಕದಲ್ಲಿ ಹದ್ದು. ಪಕ್ಕದಿಂದ, ಕೆಳಗಿನಿಂದ, ಅಂಗೈ ಮೇಲೆ ಮಾಡಿ ಇಟ್ಟು ಸುಮ್ಮನಿರು. ಅದೇ ಬಂದು ನಾಲಗೆ ಚಾಚಿ ಮೂಸಿ ನೋಡುತ್ತದೆ. ನಾಲಗೆ ಎರಡು ಸೀಳು, ಹೆದರಬೇಡ, ಅದು ಅದರ ಮೂಗು ಇದ್ದ ಹಾಗೆ. ನನ್ನ ಅಂಗಿ ಅದಕ್ಕೇ ಇಟ್ಟಿದ್ದು. ಮನುಷ್ಯರ ವಾಸನೆಗೆ ಒಗ್ಗಿಕೊಂಡರೆ ಮನುಷ್ಯರಿಗೂ ಒಗ್ಗುತ್ತದೆ. ನನ್ನನ್ನು ಮರೆಯದೆ ಇರಲಿ ಅಂತಲೂ ಒಂದು ಆಸೆ, ನಗಬೇಡ.

ಏನು ತಿಂತು, ಎಷ್ಟು ತಿಂತು ಅಂತ ಬಿಡದೆ ಬರಿ. ನನಗಿರುವುದು ಅದೊಂದೇ. ನಿಜ ಹೇಳಲಾ? ಅದಕ್ಕೇನಾದರೂ ಆದರೆ ನಾನು ಇಲ್ಲಿ ಒಂದು ದಿನವೂ ನಿಲ್ಲುವವನಲ್ಲ, ಬಂದ ದೋಣಿಯಲ್ಲೇ ವಾಪಸು. ಮೀನು ಸತ್ತವು, ಗಿಳಿ ಹಾರಿಹೋಯಿತು, ನಾನು ಮುಟ್ಟಿದ್ದು ಯಾವುದೂ ಉಳಿಯಲಿಲ್ಲ. ಇದಾದರೂ ಉಳಿಯಬೇಕು.

ತಮ್ಮ

*

ಅಕ್ಟೋಬರ್ 31

ತಮ್ಮಾ,

ಮೊದಲು ತಪ್ಪೊಪ್ಪಿಗೆ. ನಿನ್ನ ಅಂಗಿಯನ್ನು ಒಗೆದುಬಿಟ್ಟೆ. ವಾಸನೆ ಹೊಡೆಯುತ್ತಿತ್ತು ಕಣೋ, ಸೋಪಿನಲ್ಲಿ ನೆನೆಸಿ, ಒಣಗಿಸಿ, ಇಸ್ತ್ರಿ ಮಾಡಿ ಇಟ್ಟೆ. ದೊರೆ ಅದನ್ನು ಮೂಸಿ ನೋಡಿ ಮೂಲೆ ಸೇರಿತು, ಮೂರು ದಿನ ಹೊರಗೆ ಬರಲಿಲ್ಲ. ನಿನ್ನ ಕಾಗದ ಬಂದ ಮೇಲೆ ತಾನೇ ನನಗೆ ಗೊತ್ತಾಗಿದ್ದು, ಆ ಕೊಳೆಯೇ ಅದರ ಆಸ್ತಿ ಅಂತ! ಬೇರೆ ದಾರಿ ಕಾಣದೆ ನಾನು ದಿನವಿಡೀ ಹಾಕಿಕೊಂಡಿದ್ದ ರವಿಕೆಯನ್ನು ಇಟ್ಟೆ. ಆಳು ಬದಲಾದ ಮೇಲೆ ಅದಕ್ಕೂ ವಿಧಿ ಇರಲಿಲ್ಲ. ಮಾರನೇ ದಿನ ಅದರೊಳಗೆ ಸುತ್ತಿಕೊಂಡು ಮಲಗಿತ್ತು.

ನೀನು ಹೇಳಿದ ಹಾಗೆ ಅಂಗೈ ಕೆಳಗಿಟ್ಟು ಕೂತೆ. ಕಣ್ಣು ಮುಚ್ಚಿಕೊಂಡಿದ್ದೆ, ಅದು ಬೇರೆ ಮಾತು. ಒಂದು ದಿನ, ಎರಡು ದಿನ, ಏನೂ ಇಲ್ಲ. ಮೂರನೇ ದಿನ ಒದ್ದೆ ದಾರ ತಾಕಿದ ಹಾಗಾಯಿತು. ಕಣ್ಣು ತೆಗೆದರೆ ದೊರೆ ನನ್ನ ಬೆರಳನ್ನು ಮೂಸುತ್ತಿದೆ. ತಲೆಯ ಹಸಿರು ಮಾಸುತ್ತಿದೆ, ಕಣ್ಣು ಮಾತ್ರ ಕರೀ ಗುಂಡಿಗಳ ಹಾಗೆ ಫಳಫಳ. ಬೇಯಿಸಿದ ಮೊಟ್ಟೆಯ ಚೂರು ಅಂಗೈ ಮೇಲಿತ್ತು. ತಿಂತು. ನನ್ನ ಕೈಯಿಂದ ತಿಂತು ಕಣೋ! ನಾನು ಕೂಗಿದ ಕೂಗಿಗೆ ಪಕ್ಕದ ಅಂಗಡಿಯ ಗಡಿಯಾರದವರು ಕಣ್ಣಿಗೆ ಸಿಕ್ಕಿಸಿಕೊಂಡ ಗಾಜಿನ ಸಮೇತ ಓಡಿಬಂದರು.

ಈಗ ಮಧ್ಯಾಹ್ನ ಹೊರಗೆ ಬಿಡುತ್ತೇನೆ. ಮಿಷನ್ ತುಳಿಯುವಾಗ ಬಂದು ನನ್ನ ಪಾದದ ಮೇಲೆ ಕೂರುತ್ತದೆ. ಅದು ಕೂತಿದ್ದರೆ ತುಳಿಯುವುದು ಹೇಗೆ? ಅರ್ಧ ಗಂಟೆ ಕೈಹೊಲಿಗೆ. ಗಿರಾಕಿಗಳಿಗೆ ಬಟ್ಟೆ ತಡವಾಗುತ್ತಿದೆ, ಕಾರಣ ಹೇಳಿದರೆ ಯಾರೂ ನಂಬುವುದಿಲ್ಲ.

ಟೇಪಿನಲ್ಲಿ ಅಳತೆ ತೆಗೆದು ಗಿರಾಕಿಗಳ ಪುಸ್ತಕದಲ್ಲೇ ಬರೆದಿದ್ದೇನೆ. ಉದ್ದ ಹದಿಮೂರು ಇಂಚು, ಎದೆ ಸುತ್ತಳತೆ ನಾಲ್ಕು, ಸೊಂಟ ಇಲ್ಲ. ಊಟ ನಾಲ್ಕು ದಿನದಿಂದ ಸ್ವಲ್ಪ ಕಡಿಮೆ, ಚಳಿಗೆ ಇರಬೇಕು.

ಬೆಲ್ಟ್ ಕಳಿಸಿದ್ದೇನೆ. ಈಚೆಗೆ ಷೋಕಿ ಜಾಸ್ತಿಯಾಯಿತು ನಿನಗೆ.

ಅಕ್ಕ

*

ನವೆಂಬರ್ 14

ತಮ್ಮಾ,

ಇಲ್ಲಿ ಎಲ್ಲ ಸರಿಯಾಗಿದೆ. ದೊರೆ ಚೆನ್ನಾಗಿ ತಿನ್ನುತ್ತಿದೆ. ಮೊನ್ನೆ ಎರಡು ಮೊಟ್ಟೆ ತಿಂತು. ಮೀನೂ ತಿಂತು. ಅಳತೆ ಹೋದ ಸಲದಷ್ಟೇ.

ಸಮವಸ್ತ್ರದ ಕೆಲಸ ಬಹಳ ಇದೆ, ಹೆಚ್ಚು ಬರೆಯಲು ಪುರುಸೊತ್ತಿಲ್ಲ. ನೀನು ಮನಸ್ಸಿಟ್ಟು ಕೆಲಸ ಮಾಡು.

ಅಕ್ಕ

*

ನವೆಂಬರ್ 15

ಅಕ್ಕಾ,

ಅಂಗಿ ಒಗೆದ ಕಥೆಯನ್ನು ಊಟದ ಕೋಣೆಯಲ್ಲಿ ಎಲ್ಲರೆದುರು ಓದಿದೆ. ಮುಖ್ಯ ಮೆಕ್ಯಾನಿಕ್ಕರು ನಕ್ಕಿದ್ದನ್ನು ಈ ಹಡಗಿನಲ್ಲಿ ಯಾರೂ ನೋಡಿರಲಿಲ್ಲವಂತೆ, ಅವತ್ತು ನೋಡಿದರು. ದೊರೆ ನಿನ್ನ ಕೈಯಿಂದ ತಿಂದ ಕಡೆ ಬಂದಾಗ ಅಡುಗೆಯವನು ಸೌಟು ತೋರಿಸಿ, "ಕೇಳಿದ್ಯಾ? ಹೊಸ ಜಾಗದಲ್ಲಿ ಹಲ್ಲಿನೂ ಉಣ್ಣುತ್ತೆ. ನಿಂಗೇನಯ್ಯಾ ಧಾಡಿ?" ಅಂದ. ಸುಮ್ಮನೆ ತಮಾಷೆಗೆ ಅಂದದ್ದು, ನೀನು ತಲೆ ಕೆಡಿಸಿಕೊಳ್ಳಬೇಡ.

ನಿನ್ನ ಪಾದದ ಮೇಲೆ ಕೂತಿತು ಅಂತ ಓದಿ ಸ್ವಲ್ಪ ಹೊಟ್ಟೆ ಉರಿಯಿತು. ಆಮೇಲೆ ಸಂತೋಷವೂ ಆಯಿತು. ಎರಡನ್ನೂ ಬರೆದಿದ್ದೇನೆ.

ಬೆಲ್ಟ್ ಸರಿಯಾಗಿದೆ. ಇನ್ನೆರಡು ತೂತು ನಾನೇ ಮಾಡಿಕೊಂಡೆ.

ತಮ್ಮ

*

ನವೆಂಬರ್ 29

ತಮ್ಮಾ,

ಕೂತು ಓದು. ಪೂರ್ತಿ ಓದುವವರೆಗೆ ಏಳಬೇಡ.

ಹೋದ ಕಾಗದದಲ್ಲಿ ಬರೆದದ್ದು ಸುಳ್ಳು. ದೊರೆ ಎರಡು ಮೊಟ್ಟೆ ತಿನ್ನಲಿಲ್ಲ. ಅದು ಏನಾದರೂ ತಿಂದು ಇಂದಿಗೆ ಇಪ್ಪತ್ತಾರು ದಿನ. ಮೊದಲು ಮೀನು ಬಿಟ್ಟಿತು, ಆಮೇಲೆ ಮೊಟ್ಟೆ, ಆಮೇಲೆ ನೀರಿನ ಕಡೆಗೂ ನೋಡಲಿಲ್ಲ. ದೀಪ ಹಾಕಿದರೂ ಮಣ್ಣು ಅಗೆದು ಒಳಗೆ ಹೋಗುತ್ತಿತ್ತು. ಹತ್ತಿಯ ಬತ್ತಿಯನ್ನು ಮೊಟ್ಟೆಯ ಹಳದಿಯಲ್ಲಿ ಅದ್ದಿ ತುಟಿಗೆ ಸವರಿದೆ, ತಲೆ ತಿರುಗಿಸಿತು. ಪಶು ವೈದ್ಯರಿಗೆ ಫೋನು ಮಾಡಿದೆ. "ದನ, ನಾಯಿ ಆದ್ರೆ ಹೇಳಿ, ಹಲ್ಲಿಗೆಲ್ಲ ನಾವು ಔಷಧಿ ಓದಿಲ್ಲ" ಅಂದರು. ನೀನು ಕೊಂಡ ಅಂಗಡಿಗೆ ಹೋದೆ, ಅಲ್ಲಿ ಈಗ ಚಪ್ಪಲಿ ಮಾರುತ್ತಾರೆ.

ಐದು ದಿನದ ಹಿಂದೆ ಮಣ್ಣು ಸರಿಸಿ ಮುಟ್ಟಿದೆ. ಕತ್ತರಿಯಷ್ಟು ತಣ್ಣಗಿತ್ತು. ಅಲ್ಲಾಡಲಿಲ್ಲ. ಗಡಿಯಾರದವರನ್ನು ಕರೆದೆ. ಅವರು ಗಾಜು ಸಿಕ್ಕಿಸಿಕೊಂಡು, ಕಿವಿ ಹಚ್ಚಿ ಕೇಳಿ, "ನಿಂತುಹೋಗಿದೆ ಕಣಮ್ಮ" ಅಂದರು. ನಲವತ್ತು ವರ್ಷ ಅದನ್ನೇ ಕೇಳಿಸಿಕೊಂಡು ಬದುಕಿದ ಮನುಷ್ಯ, ಸುಳ್ಳು ಹೇಳುತ್ತಾರೆಯೇ? ಆದರೂ ಮನಸ್ಸು ಒಪ್ಪಲಿಲ್ಲ, ಐದು ದಿನ ಹಾಗೇ ಇಟ್ಟೆ. ಹಾಗೇ ಇದೆ. ಭಾನುವಾರ ಹಿತ್ತಲಿನಲ್ಲಿ ಹೂಳುತ್ತೇನೆ. ಬರಿ ಮಣ್ಣಿಗೆ ಹಾಕಲಾರೆ, ನೀಲಿ ಮಖಮಲ್ಲಿನ ತುಂಡಿದೆ, ಅದರಲ್ಲಿ ಒಂದು ಚೀಲ ಹೊಲಿಯುತ್ತೇನೆ.

ನೀನು ಕೆಲಸ ಬಿಟ್ಟು ಬರುತ್ತೀಯೆಂದು ಹೆದರಿ ಸುಳ್ಳು ಬರೆದೆ. ಈಗಲೂ ಆ ಹೆದರಿಕೆ ಇದೆ. ಆದರೆ ಇಲ್ಲದ ಪ್ರಾಣಿಗೆ ದಿನಾ ಊಟ ಮಾಡಿಸಿ ಬರೆಯುವುದು ನನ್ನಿಂದಾಗದು. ಹಲ್ಲಿಯೆಂದರೆ ಓಡುತ್ತಿದ್ದವಳು ಈಗ ಹಲ್ಲಿಗಾಗಿ ಅಳುತ್ತಿದ್ದೇನೆ. ತುಳಿಯುವಾಗ ಪಾದ ಹಗುರ ಅನ್ನಿಸುತ್ತದೆ, ಅದೇ ಸಹಿಸಲಾಗುತ್ತಿಲ್ಲ.

ನಿನ್ನ ತಪ್ಪಲ್ಲ. ನೀನು ಮುಟ್ಟಿದ್ದು ಉಳಿಯುವುದಿಲ್ಲ ಅನ್ನಬೇಡ. ನೋಡಿಕೊಂಡವಳು ನಾನು. ಬೈಯುವುದಾದರೆ ನನ್ನನ್ನು ಬೈ, ಕೆಲಸ ಬಿಡಬೇಡ.

ಅಕ್ಕ

*

ಬಂದರು ಕಚೇರಿ. ನವೆಂಬರ್ 30, ಸಂಜೆ. ಹಡಗಿನಿಂದ ರೇಡಿಯೋ ಮೂಲಕ ಬಂದ ಸಂದೇಶ. ಹೊಲಿಗೆ ಅಂಗಡಿಯ ಅಕ್ಕನವರಿಗೆ ತಲುಪಿಸುವುದು:

ಹೂಳಬೇಡ. ಸತ್ತಿಲ್ಲ. ಮಲಗಿದೆ. ಎರಡನೇ ಹಾಳೆ ಓದು. ಹೂಳಬೇಡ. ತಮ್ಮ.

*

ಡಿಸೆಂಬರ್ 1

ತಮ್ಮಾ,

ಹೂಳಿಲ್ಲ. ಹೂಳಿಲ್ಲ. ದೊರೆ ಬದುಕಿದೆ.

ಇವತ್ತು ಬೆಳಿಗ್ಗೆ ಬಂದರಿನ ಜವಾನರು ಸೈಕಲ್ಲಿನಲ್ಲಿ ಚೀಟಿ ತಂದರು. ವಾಪಸು ಉತ್ತರ ಕಳಿಸಿ ಎಂದು ಗೋಗರೆದೆ. "ರೇಡಿಯೋ ಇರೋದು ತುರ್ತಿಗೆ ಮಾತ್ರ ಅಮ್ಮ. ನಿಮ್ಮ ತಮ್ಮಂದೇ ಹೇಗೆ ಕಳಿಸಿದ್ರೋ" ಅಂದರು. ಈ ಕಾಗದ ದೋಣಿ ಹತ್ತಲು ಇನ್ನೂ ಹದಿಮೂರು ದಿನ. ಅಲ್ಲಿಯವರೆಗೆ ನಿನ್ನ ಗತಿಯೇನು? ಆದರೂ ಈಗಲೇ ಬರೆಯುತ್ತಿದ್ದೇನೆ, ಯಾರಿಗಾದರೂ ಹೇಳಬೇಕಲ್ಲ.

ಚೀಟಿ ಬರುವ ಮೊದಲೇ ನನಗೆ ಗೊತ್ತಾಗಿತ್ತು ಕಣೋ. ನಿನ್ನೆ ಸಂಜೆ ಚೀಲ ಹೊಲಿಯಲು ಕೂತೆ. ಅಂದಾಜಿನಲ್ಲಿ ಕತ್ತರಿಸಬಹುದಿತ್ತು, ಆದರೆ ಅಳತೆ ಇಲ್ಲದೆ ಕತ್ತರಿ ಹಾಕಿ ನನಗೆ ಅಭ್ಯಾಸವಿಲ್ಲ. ಮೇಜಿನ ಮೇಲೆ ಮಲಗಿಸಿ ಉದ್ದ ಹಿಡಿದೆ. ಎದೆಗೆ ಟೇಪು ಸುತ್ತಿ ಎರಡು ಬೆರಳಲ್ಲಿ ಹಿಡಿದುಕೊಂಡು, ಪೆನ್ಸಿಲ್ ಹುಡುಕುತ್ತಿದ್ದೆ. ಪೆನ್ಸಿಲ್ ಕಿವಿಯ ಮೇಲೇ ಇತ್ತು, ಸಿಗುವುದು ತಡವಾಯಿತು. ಅಷ್ಟರಲ್ಲಿ ಬೆರಳ ನಡುವೆ ಟೇಪು ಜರುಗಿತು.

ಇಪ್ಪತ್ತೈದು ವರ್ಷ ಟೇಪು ಹಿಡಿದ ಕೈ ಇದು. ತೆಳ್ಳಗೆ ಕಾಣಲಿ ಎಂದು ಉಸಿರು ಬಿಗಿಹಿಡಿದು ನಿಲ್ಲುವ ಎಷ್ಟು ಜನರನ್ನು ಕಂಡಿಲ್ಲ! ಅವರು ಎಷ್ಟು ಹಿಡಿದರೂ ಕೊನೆಗೆ ಬಿಡಲೇಬೇಕು. ಬಿಟ್ಟಾಗ ಟೇಪು ಹೇಳುತ್ತದೆ. ನಾನು ಕದಲಲಿಲ್ಲ. ಎಷ್ಟು ಹೊತ್ತೋ ಏನೋ, ಮತ್ತೊಮ್ಮೆ ಜರುಗಿತು, ನೂಲಿನೆಳೆಯಷ್ಟು. ನಾಲ್ಕು ಇಂಚು, ಆಮೇಲೆ ನಾಲ್ಕು ಮತ್ತು ಒಂದು ಕೂದಲು. ದೊರೆ ಉಸಿರಾಡುತ್ತಿತ್ತು. ಹೋದ ಜೀವ ಬಂದ ಹಾಗಾಯಿತು ಅನ್ನುತ್ತಾರಲ್ಲ, ನನಗೆ ಆಗಿದ್ದು ಅದೇ, ಒಂದಲ್ಲ, ಎರಡು ಜೀವ.

ಗಡಿಯಾರದವರಿಗೆ ಹೇಳಿದೆ. ಅವರು ಮತ್ತೆ ಕಿವಿ ಹಚ್ಚಿ, ಬಹಳ ಹೊತ್ತಿನ ಮೇಲೆ, "ನಿಧಾನವಾಗಿ ಓಡ್ತಿದೆ. ಕೀ ಕೊಡೋದು ಬೇಡ" ಅಂದರು.

ಬದುಕಿದೆ ಎಂದು ತಿಳಿಯಿತು, ಯಾಕೆ ಹೀಗಿದೆ ಎಂದು ತಿಳಿಯಲಿಲ್ಲ. ಬೆಳಿಗ್ಗೆ ಚೀಟಿಯಲ್ಲಿ ಎರಡನೇ ಹಾಳೆ ಅಂತ ಇತ್ತು. ಯಾವ ಎರಡನೇ ಹಾಳೆ? ಗಾಜಿನ ಮೇಲೆ ಇರುವುದು ಒಂದೇ. ಪೆಟ್ಟಿಗೆಯ ಅಡಿ ನೋಡಿದೆ, ನಿನ್ನ ಹಾಸಿಗೆ ಕೊಡವಿದೆ. ಕೊನೆಗೆ ತಲೆಯೆತ್ತಿದರೆ ಗೋಡೆಯ ಮೊಳೆಗೆ ಸಮವಸ್ತ್ರದ ತೋಳಿನ ಅಚ್ಚು ನೇತಾಡುತ್ತಿದೆ, ಕಂದು ಕಾಗದದ್ದು. ತಿರುಗಿಸಿದೆ. ನಿನ್ನ ಕಾಗೆ ಕಾಲಿನ ಬರಹ: 'ಚಳಿ ಶುರುವಾದರೆ ಊಟ ಬಿಡುತ್ತದೆ, ಹೆದರಬೇಡ. ಮಣ್ಣಿನೊಳಗೆ ಹೋಗಿ ತಿಂಗಳುಗಟ್ಟಲೆ ಮಲಗುತ್ತದೆ. ತಣ್ಣಗಿರುತ್ತದೆ. ನೀರು ಇಡು, ಎಬ್ಬಿಸಬೇಡ, ಬಲವಂತವಾಗಿ ತಿನ್ನಿಸಬೇಡ.' ಮುಂದಿನದು ಕಂಕುಳಿನ ತಿರುವಿನಲ್ಲಿ ಕತ್ತರಿಸಿ ಹೋಗಿದೆ.

ಆ ಬರಹವನ್ನು ನಾನು ಅವತ್ತೇ ಕಂಡಿದ್ದೆ. ನೀನು ಅರ್ಧಕ್ಕೆ ಬರೆದು ಬಿಡುವ ಕೆಲಸದ ಅರ್ಜಿಗಳಲ್ಲಿ ಅದೂ ಒಂದು ಅಂದುಕೊಂಡೆ. ಮನೆತುಂಬ ಅವೇ ತಾನೇ ಇದ್ದದ್ದು! ನಲವತ್ತು ಮಕ್ಕಳ ಎಂಬತ್ತು ತೋಳುಗಳನ್ನು ನಿನ್ನ ಬುದ್ಧಿಮಾತಿನ ಮೇಲಿಟ್ಟು ಕತ್ತರಿಸಿದ್ದೇನೆ. ನೀನು ಏನು ಬರೆದರೂ ಅರ್ಜಿಯೇ ಎಂದುಕೊಂಡ ನನಗೂ ಬುದ್ಧಿ ಬೇಕಿತ್ತು, ಮೊದಲನೆಯದರ ಪಕ್ಕದಲ್ಲೇ ಅಂಟಿಸದ ನಿನಗೂ.

ದೊರೆಯನ್ನು ಮಣ್ಣಿನೊಳಗೆ ಮಲಗಿಸಿ ರವಿಕೆ ಹೊದಿಸಿದ್ದೇನೆ. ಬಂದವರಿಗೆಲ್ಲ 'ಮೆಲ್ಲಗೆ ಮಾತಾಡಿ' ಅನ್ನುತ್ತಿದ್ದೇನೆ.

ಇನ್ನೊಂದು. ಮನಸ್ಸು ನಿರಾಳವಾದ ಮೇಲೆ ನಿನ್ನ ಹಳೇ ಕಾಗದಗಳನ್ನು ಮತ್ತೆ ಓದಿದೆ. ಮೂರು ಹೊತ್ತು ಹೊಟ್ಟೆ ಬಿರಿಯ ತಿನ್ನುವವನಿಗೆ ಬೆಲ್ಟ್ ಯಾಕೆ, ಅದೂ ಚಿಕ್ಕದು, ಅದಕ್ಕೆ ಮತ್ತೆರಡು ತೂತು ಯಾಕೆ? ನಾನು ಬಟ್ಟೆ ಹೊಲಿಯುವವಳು ಕಣೋ. ಸತ್ಯ ಬರಿ.

ಅಕ್ಕ

*

ಡಿಸೆಂಬರ್ 13

ಅಕ್ಕಾ,

ನಾಳೆ ದೋಣಿ ಬರುತ್ತದೆ. ಅದರಲ್ಲಿ ನಿನ್ನ ಕಾಗದ ಇರುತ್ತದೆ. ಹೂಳಿದೆಯೋ ಇಲ್ಲವೋ, ಈ ಹದಿಮೂರು ದಿನವೂ ನನಗೆ ಗೊತ್ತಾಗಿಲ್ಲ. ಅದನ್ನು ಓದುವ ಮೊದಲೇ ಇದನ್ನು ಬರೆದು ಮುಚ್ಚಬೇಕು ಅಂತ ಕೂತಿದ್ದೇನೆ. ಓದಿದ ಮೇಲೆ ಬರೆದರೆ ಅದರ ಬೆಲೆ ಬೇರೆಯಾಗುತ್ತದೆ.

ನಾನೂ ಸುಳ್ಳು ಬರೆದಿದ್ದೆ. ಮೊದಲ ಆರು ವಾರ ನನ್ನ ಹೊಟ್ಟೆಯಲ್ಲಿ ಏನೂ ನಿಲ್ಲಲಿಲ್ಲ. ಹಡಗು ಅಲ್ಲಾಡಿದ ಹಾಗೆ ಒಳಗಿರುವುದೆಲ್ಲ ಹೊರಗೆ. ಆಮೇಲೆ ತಟ್ಟೆ ಕಂಡರೇ ಹೆದರಿಕೆ, ತಿನ್ನುವುದನ್ನೇ ಬಿಟ್ಟೆ. ಚೀಲ ಕಟ್ಟಿ ಇಟ್ಟಿದ್ದೆ, ನವೆಂಬರ್ ಹದಿನಾರರ ದೋಣಿಗೆ ಹೊರಡುವುದೆಂದು. ಆ ದೋಣಿಯಲ್ಲೇ ನಿನ್ನ ಕಾಗದ ಬಂತು, 'ಎರಡು ಮೊಟ್ಟೆ ತಿಂತು' ಅಂತ. ಅಂಗಿ ಹೋಯಿತು, ಯಜಮಾನ ಹೋದ, ಮನೆ ಹೊಸದು, ಆದರೂ ಅದು ತಿನ್ನುತ್ತಿದೆ. ನನಗೆ ನಾಚಿಕೆಯಾಯಿತು. ಅಡುಗೆಯವನ ಹತ್ತಿರ ಹೋಗಿ ಎರಡು ಮೊಟ್ಟೆ ಕೇಳಿದೆ. ಒಂದು ನಿಂತಿತು. ಮಾರನೇ ದಿನ ಎರಡೂ ನಿಂತವು. ಅವತ್ತಿನಿಂದ ಉಣ್ಣುತ್ತಿದ್ದೇನೆ.

ಆ ಎರಡು ಮೊಟ್ಟೆ ಸುಳ್ಳು ಅಂತ ಈಗ ಗೊತ್ತಾಗಿದೆ. ಆದರೆ ನಾನು ತಿಂದದ್ದು ನಿಜ ತಾನೇ!

ಹೂಳುತ್ತೇನೆ ಅಂತ ನೀನು ಬರೆದ ಕಾಗದ ಓದಿ ಓಡಿದ್ದು ನೇರ ಕ್ಯಾಪ್ಟನ್ನರ ಕೋಣೆಗೆ. "ಮನೆಯಲ್ಲಿ ಯಾರಿಗೆ ಏನಾಗಿದೆ?" ಅಂದರು. "ನಮ್ಮ ಮನೆಯವರೊಬ್ಬರನ್ನು ಜೀವಂತ ಹೂಳ್ತಿದಾರೆ ಸಾರ್" ಅಂದೆ. ರೇಡಿಯೋ ಹಚ್ಚಿದ ಮೇಲೆಯೇ ಹಲ್ಲಿ ಅಂತ ಹೇಳಿದ್ದು. ಎರಡು ದಿನ ನನ್ನ ಮುಖ ನೋಡಲಿಲ್ಲ ಅವರು.

ನಾಳಿನ ಕಾಗದದಲ್ಲಿ ಏನೇ ಇರಲಿ, ನಾನು ಆ ದೋಣಿ ಹತ್ತುವುದಿಲ್ಲ. ಹೂಳಿದ್ದರೂ ಸರಿ. ಅಳುತ್ತೇನೆ, ಕೆಳಗೆ ಹೋಗಿ ಇಂಜಿನ್ನಿಗೆ ಎಣ್ಣೆ ಬಿಡುತ್ತೇನೆ. ಹೆದರುತ್ತಲೇ ಕೈ ಚಾಚಿ ತುತ್ತು ಕೊಟ್ಟವಳು ನೀನು. ನಿನ್ನ ತಮ್ಮ ನಾನು, ಇಷ್ಟಾದರೂ ಮಾಡುತ್ತೇನೆ.

ತಮ್ಮ

*

ಮಾರ್ಚ್ 6

ತಮ್ಮಾ,

ದೊರೆ ಎದ್ದಿತು.

ನಾಲ್ಕು ದಿನದ ಹಿಂದೆ, ಮಧ್ಯಾಹ್ನ. ಮೂರು ತಿಂಗಳು ಕಾಗದಕ್ಕೊಮ್ಮೆ 'ಮಲಗಿದೆ, ಟೇಪು ಜರುಗಿತು' ಎಂದು ಬರೆದೂ ಬರೆದೂ ನನಗೆ ಸಾಕಾಗಿತ್ತು, ಓದಿ ನಿನಗೂ. ಕಾಲರು ತಿರುಗಿಸುತ್ತಿದ್ದೆ, ಪೆಟ್ಟಿಗೆಯಲ್ಲಿ ಮಣ್ಣು ಸರಿದ ಸದ್ದು. ನೋಡಿದರೆ ಮೂಗಿನ ಮೇಲೆ ಮಣ್ಣು ಮೆತ್ತಿಕೊಂಡು, ಯಾರು ನನ್ನನ್ನು ಎಬ್ಬಿಸಿದ್ದು ಎಂಬ ಮುಖ. ದೀಪದ ಕೆಳಗೆ ಒಂದು ಗಂಟೆ ಬಿದ್ದುಕೊಂಡಿತು. ಬೋಗುಣಿಯ ನೀರು ಪೂರ್ತಿ ಕುಡಿಯಿತು. ಈ ಸಲ ಕಣ್ಣು ಮುಚ್ಚಲಿಲ್ಲ. ಅಂಗೈ ಮೇಲೆ ಮೊಟ್ಟೆಯ ಚೂರು ಇಟ್ಟೆ. ಮೂಸಿತು, ತಿಂತು. ಇನ್ನೊಂದು ಇಟ್ಟೆ, ತಿಂತು. ನಿನ್ನೆಯ ಹೊತ್ತಿಗೆ ಲೆಕ್ಕ ಸರಿಹೋಯಿತು: ಒಂದೇ ದಿನದಲ್ಲಿ ಎರಡು ಮೊಟ್ಟೆ. ನವೆಂಬರಿನಲ್ಲಿ ನಾನು ಬರೆದದ್ದು ಸುಳ್ಳಲ್ಲ ಕಣೋ, ಸ್ವಲ್ಪ ಮುಂಚಿತವಾಗಿ ಬರೆದದ್ದು.

ಗಡಿಯಾರದವರು ಬಂದು ನೋಡಿ, ತಾವೇ ರಿಪೇರಿ ಮಾಡಿದ ಹಾಗೆ ಬೀಗಿ ಹೋದರು. ಮಖಮಲ್ಲಿನ ಚೀಲದಲ್ಲಿ ಈಗ ನನ್ನ ಕತ್ತರಿ ಇದೆ.

ಈಗ ಪಾದದ ಮೇಲಲ್ಲ, ಮಡಿಲಿಗೇ ಹತ್ತುತ್ತದೆ. ನೀನು ಹೇಳಿದ ಹಾಗೆ ನಾಯಿಯಂತೆಯೇ ಮಲಗುತ್ತದೆ. ನಿನ್ನ ಕೆಲಸವನ್ನು ಇನ್ನೊಂದು ವರ್ಷ ಮುಂದುವರಿಸುತ್ತಾರಂತೆ ಎಂದು ನೀನು ಬರೆದಿದ್ದೆ. ಒಪ್ಪಿಕೋ. ದೊರೆ ಇಲ್ಲೇ ಇರಲಿ, ರಜೆಯಲ್ಲಿ ಬಂದಾಗ ನಿನಗೂ ಮಡಿಲು ಸಿಗುತ್ತದೆ. ಬರುವಾಗ ಕೊಳೆ ಅಂಗಿ ಹಾಕಿಕೊಂಡು ಬಾ, ಗುರುತು ಹಿಡಿಯಲಿ. ನಾನು ಒಗೆಯುವುದಿಲ್ಲ.

ಅಳತೆ: ಉದ್ದ ಹದಿಮೂರೂವರೆ, ಎದೆ ನಾಲ್ಕೂಕಾಲು. ಮುಂದಿನ ಸಾಲು ಖಾಲಿ ಬಿಟ್ಟಿದ್ದೇನೆ, ಅಲ್ಲಿ ನಿನ್ನ ಸೊಂಟದ್ದು ಬರೆಯಬೇಕು. ಎರಡು ಪ್ಯಾಂಟು ಹೊಲಿಯುತ್ತೇನೆ. ಸುಳ್ಳು ಅಳತೆ ಕಳಿಸಿದರೆ ಬಟ್ಟೆಯೇ ಹೇಳುತ್ತದೆ.

ಅಕ್ಕ

*

ಮಾರ್ಚ್ 21

ಅಕ್ಕಾ,

ಒಪ್ಪಿಕೊಂಡೆ. ಸಹಿ ಹಾಕಿದೆ. ನಾನು ಪೂರ್ತಿ ಬರೆದು ಮುಗಿಸಿದ ಮೊದಲ ಅರ್ಜಿ ಅದು.

ಹಡಗಿನಲ್ಲಿ ಸಮುದ್ರ ಅಳೆಯಲು ಎಲ್ಲ ಇದೆ, ಸೊಂಟ ಅಳೆಯಲು ಟೇಪಿಲ್ಲ. ಅದಕ್ಕೇ ಈ ದಾರ ಇಟ್ಟಿದ್ದೇನೆ, ಎರಡು ಗಂಟಿನ ನಡುವೆ ಎಷ್ಟಿದೆಯೋ ಅಷ್ಟು. ಅಡುಗೆಯವನು ಹಿಡಿದ, ಮುಖ್ಯ ಮೆಕ್ಯಾನಿಕ್ಕರು ಗಂಟು ಹಾಕಿದರು. ಬೆಲ್ಟಿನ ಹೊಸ ತೂತುಗಳು ಈಗ ಕೆಲಸಕ್ಕೆ ಬರುವುದಿಲ್ಲ, ನೀನು ಕಳಿಸಿದಾಗ ಇದ್ದ ಕೊನೆಯ ತೂತಿಗೆ ಬಂದಿದ್ದೇನೆ.

ಅಳೆಯುವಾಗ ಉಸಿರು ಬಿಗಿಹಿಡಿದಿರಲಿಲ್ಲ, ನಿನ್ನಾಣೆ.

ತಮ್ಮ